ನೆಲಕ್ಕೆ ಬೀಳದ ಹನಿ

ಶಿಡ್ಲಘಟ್ಟದ ನವಾಜ್ ಬೇಗ್ ಕಾರು ತಂದು ನಿಲ್ಲಿಸಿದ್ದು
ಇದು ಮೂರನೇ ಸಲ.
ವಾರಕ್ಕೆ ಒಂದು ಲೋಟ, ಮೇಸ್ತ್ರಿ,
ಒಂದು ಲೋಟ ಕೂಲೆಂಟು ಎಲ್ಲಿಗೋ ಹೋಗುತ್ತೆ.
ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿಡ್ತೀನಿ,
ಬೆಳಿಗ್ಗೆ ನೋಡಿದ್ರೆ ರಟ್ಟು ರಟ್ಟಿನ ಹಾಗೇ ಇರುತ್ತೆ.

ಚಿಂತಾಮಣಿಯ ಈ ಬದಿಯಲ್ಲಿ
ಟರ್ಬೊ ಕಾರಿಗೆ ಕೈ ಹಾಕುವವನು ನಾನೊಬ್ಬನೇ.
ಹಾಗಂತ ನಾನೇ ಹೇಳಿಕೊಂಡು ತಿರುಗಿದ್ದೇನೆ.

ಮೊದಲ ಸಲ ಮುಚ್ಚಳ ಬದಲಿಸಿದ್ದೆ.
ಎರಡನೇ ಸಲ ಪಂಪು ಕಟ್ಟಿ ಗಾಳಿ ತುಂಬಿ
ಮುಳ್ಳನ್ನೇ ನೋಡುತ್ತ ಕೂತೆ ಅರ್ಧ ಗಂಟೆ.
ಅಲುಗಲಿಲ್ಲ.
ಆಯಿಲ್ ಮುಚ್ಚಳದೊಳಗೆ ಬೆರಳಾಡಿಸಿದೆ, ಮಜ್ಜಿಗೆಯಿಲ್ಲ.
ಸೈಲೆನ್ಸರ್ ಹಿಂದೆ ಕುಕ್ಕರುಗಾಲಲ್ಲಿ ಕೂತೆ, ಬಿಳಿ ಹೊಗೆಯಿಲ್ಲ.
ಹೆಡ್ ಗ್ಯಾಸ್ಕೆಟ್ ಸೀಳಿದ್ದರೆ ಹಳದಿಗೆ ತಿರುಗಬೇಕಾದ ನೀಲಿ ದ್ರವ
ಗಾಜಿನ ನಳಿಗೆಯಲ್ಲಿ ನೀಲಿಯಾಗಿಯೇ ನಿಂತಿತು,
ಕೋರ್ಟಿಗೆ ಬಂದು ಏನೂ ಕಂಡಿಲ್ಲ ಅಂದ ಸಾಕ್ಷಿಯ ಹಾಗೆ.
ಮ್ಯಾಟು ಎತ್ತಿ ಕಾರ್ಪೆಟ್ಟು ಒತ್ತಿ ನೋಡಿದೆ.
ಮಗಳದೊಂದು ಹೇರ್‌ಪಿನ್ನು ಸಿಕ್ಕಿತು, ಎರಡು ರೇಷ್ಮೆಗೂಡು.

ಸಿಹಿ ಬಂದ ಕಡೆ ಹೋಗೋ, ಅನ್ನುತ್ತಿದ್ದ ನಮ್ಮ ಉಸ್ತಾದ್.
ಕೂಲೆಂಟು ಅಡಗಿಕೊಳ್ಳುತ್ತೆ, ಅದರ ವಾಸನೆಗೆ ಅಡಗಲಿಕ್ಕೆ ಬರಲ್ಲ.
ಆ ಮಾತು ನೆನಪಾಗದಿರಲಿ ಎಂದೇ
ಇಷ್ಟೆಲ್ಲ ಪಂಪು, ನಳಿಗೆ, ಮುಳ್ಳು.

ಆ ಜ್ವರ ಬಂದು ಹೋದ ವರ್ಷದಿಂದ
ನನಗೆ ವಾಸನೆ ಗೊತ್ತಾಗುವುದಿಲ್ಲ.
ಡೀಸೆಲ್ಲಿಲ್ಲ, ಸುಟ್ಟ ಕ್ಲಚ್ಚಿಲ್ಲ,
ಒಗ್ಗರಣೆ ಸೀದರೆ ಹೊಗೆ ನೋಡಿ ಎದ್ದು ಹೋಗುತ್ತೇನೆ.
ಹೆಂಡತಿಗೆ ಗೊತ್ತು. ಗ್ಯಾರೇಜಿಗೆ ಗೊತ್ತಿಲ್ಲ.
ಬಾನೆಟ್ ಎತ್ತಿದಾಗಲೆಲ್ಲ ಬಗ್ಗಿ
ಒಮ್ಮೆ ಮೂಗೆಳೆದುಕೊಳ್ಳುತ್ತೇನೆ,
ಗಿರಾಕಿ ನೋಡಲಿ ಎಂದು.

ನಿಮಗೇನಾದ್ರೂ ವಾಸನೆ ಬರುತ್ತಾ, ಅಂದೆ ನವಾಜ್‌ಗೆ,
ಸುಮ್ಮನೆ ಕೇಳುವವನ ಹಾಗೆ.
ಅವನು ನಕ್ಕ. ನಂದು ರೀಲಿಂಗ್ ಯೂನಿಟ್ಟು ಮೇಸ್ತ್ರಿ,
ಇಪ್ಪತ್ತು ವರ್ಷದಿಂದ ಬೆಂದ ಹುಳದ ಹಬೆಯಲ್ಲಿ ನಿಂತಿದ್ದೀನಿ.
ನನಗೆ ಮಲ್ಲಿಗೆಯೂ ಹುಳವೇ.

ಎಂಜಿನ್ ಮುಂದೆ ಎರಡು ಮೂಗು,
ಒಂದೂ ಕೆಲಸಕ್ಕಿಲ್ಲ.

ಕೈವಾರದ ತನಕ ಓಡಿಸಿಕೊಂಡು ಬಂದೆ,
ಟರ್ಬೊ ಸಿಳ್ಳೆ ಹಾಕುವಷ್ಟು ಒತ್ತಿ.
ಬಂದು ಕೀ ತಿರುವಿದೆ.
ಕಬ್ಬಿಣ ಟಿಕ್ ಟಿಕ್ಕೆಂದು ಆರತೊಡಗಿತು.
ಲೋಟ ಒಯ್ಯಲು ಬಂದ ಟೀ ಅಂಗಡಿ ಮುನಿರತ್ನಮ್ಮ
ಶಟರಿನ ಕೆಳಗೇ ನಿಂತುಬಿಟ್ಟಳು:
ಏನ್ರೋ, ಕಜ್ಜಾಯಕ್ಕೆ ಪಾಕ ಇಟ್ಟಿದ್ದೀರಾ? ತಳ ಹಿಡೀತಿದೆ.

ಅಲ್ಲಾಡಬೇಡ, ಅಂದೆ. ಯಾವ ಕಡೆಯಿಂದ?
ಸೆರಗು ಸಿಕ್ಕಿಸಿ ಬಗ್ಗಿದಳು.
ಇಲ್ಲಲ್ಲ. ಇತ್ಲಾಗೆ. ಇನ್ನೂ ಆಳಕ್ಕೆ,
ಆ ತಗಡಿನ ಹಿಂದೆ.
ಹಲ್ಲಿನ ಡಾಕ್ಟರು ಬಿಸಾಕಿದ್ದ ಪುಟ್ಟ ಕನ್ನಡಿ ಇಳಿಸಿ
ಟಾರ್ಚು ಬಿಟ್ಟೆ.

ಟರ್ಬೊಗೆ ನೀರು ತರುವ ಸಣ್ಣ ಕೊಳವೆ,
ಬೋಲ್ಟಿನಡಿಯ ತಾಮ್ರದ ವಾಷರ್,
ವಾಷರಿನ ಅಂಚಿಗೆ ಗುಲಾಬಿ ಬಣ್ಣದ ಉಪ್ಪಿನ ಗೆರೆ.
ನೋಡುತ್ತಿದ್ದಂತೆ ಸಾಸಿವೆಯಷ್ಟು ಹನಿ ಹುಟ್ಟಿ
ಕಾದ ಕವಚದ ಮೇಲೆ ಜಾರಿ
ಚುಂಯ್.
ಅಷ್ಟೇ.
ನೆಲದ ತನಕ ಬಂದಿದ್ದರೆ ತಾನೇ ರಟ್ಟು ನೆನೆಯುವುದು.
ತಣ್ಣಗಿರುವಾಗ ಬಿಗಿಹಿಡಿದು ಕೂತು
ಬೆಂಕಿಯಾದಾಗ ಮಾತ್ರ ಸೋರುವುದನ್ನು
ನಾನು ತಣ್ಣಗಿದ್ದಾಗಲೇ ಹುಡುಕಿದ್ದೆ, ಎರಡು ಸಲ.

ಎರಡು ವಾಷರಿಗೆ ಎಂಬತ್ತು ರೂಪಾಯಿ.
ನವಾಜ್ ಕೂಲಿ ಕೊಟ್ಟು, ಮುನಿರತ್ನಮ್ಮನ ಕೈಗೂ ಒಂದು ನೋಟಿಟ್ಟು
ಹಾರ್ನ್ ಹಾಕಿಕೊಂಡು ಹೋದ.

ಅವಳು ಹೋಗಲಿಲ್ಲ.
ನೆಗಡಿಯಾಗಿದೆ ನನಗೆ, ಅಂದೆ, ಅವಳು ಕೇಳುವ ಮುಂಚೆಯೇ.
ಹೌದಾ, ಅಂದಳು.
ಅವತ್ತೊಂದಿನ ಹಾಲು ಸೀದುಹೋಗಿ
ಎಲ್ಲಾ ಲೋಟ ಚೆಲ್ಲಿ ಎದ್ದು ಹೋದ್ರು.
ನೀನು ಇನ್ನೊಂದು ಕೇಳಿದೆ.

ಖಾಲಿ ಲೋಟಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು
ರಸ್ತೆ ದಾಟಿದಳು.